ತುಕ್ಕು ಹಿಡಿಯದ ಬೋಲ್ಟು

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಎಂದೆಂದಿಗೂ ತುಕ್ಕು ಹಿಡಿಯದ ಉಕ್ಕು ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಕಳೆದ ವರ್ಷದವರೆಗೆ ನನ್ನ ನಂಬಿಕೆಯೂ ಅದೇ ಆಗಿತ್ತು.

ನಮ್ಮ ತಂದೆಯವರು ಕುಂದಾಪುರದ ಕಡೆಯ ನಾಡದೋಣಿಯ ಮೀನುಗಾರರು. ದೋಣಿಯ ಹಿಂಬದಿಯಲ್ಲಿ ಎಂಜಿನ್ ಕೂರಿಸುವ ಹಲಗೆಯ ಬೋಲ್ಟುಗಳು ತುಕ್ಕು ತಿಂದು ಸವೆದಿದ್ದವು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಹೊಸ ಬೋಲ್ಟು ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಪೇಟೆಯಲ್ಲಿ ಹೊಳೆಯುವುದನ್ನೇ ನೋಡಿ ಕೊಂಡೆ. “ಗ್ರೀಸು ಹಚ್ಚು ಮಗಾ” ಎಂದು ತಂದೆಯವರು ಹೇಳಿದರು. “ಇದು ತುಕ್ಕು ಹಿಡಿಯುವುದಿಲ್ಲ, ಗ್ರೀಸು ಏಕೆ?” ಎಂದೆ. ಅವಸರದಿಂದ ಬಿಗಿಯುತ್ತಿದ್ದಾಗ ಒಂದು ನಟ್ಟು ಅರ್ಧದಲ್ಲೇ ಕಚ್ಚಿಕೊಂಡಿತು. ಮುಂದೂ ಹೋಗದು, ಹಿಂದೂ ಬಾರದು. ಕೊನೆಗೆ ಗರಗಸದಿಂದ ಕೊಯ್ಯಬೇಕಾಯಿತು. ಆ ದಿನ ದೋಣಿ ಕಡಲಿಗಿಳಿಯಲಿಲ್ಲ. ಉಳಿದ ಬೋಲ್ಟುಗಳ ಮೇಲೂ ಕೆಲವೇ ತಿಂಗಳಲ್ಲಿ ಕಂದು ಚುಕ್ಕೆಗಳೆದ್ದವು. ತಂದೆಯವರು ಏನೂ ಅನ್ನಲಿಲ್ಲ. ನಾಚಿಕೆಯಾಗಿ ನಾನೇ ಪುಸ್ತಕ ಹುಡುಕಿದೆ.

ಈ ಉಕ್ಕಿನಲ್ಲಿ ನೂರಕ್ಕೆ 10.5 ಭಾಗಕ್ಕೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡು ಇದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ವಾಷರಿನ ಅಡಿಯಂಥ ಸಂದಿಗಳಲ್ಲಿ ಆಮ್ಲಜನಕ ಸಾಲದೆ ಪೊರೆ ಚೇತರಿಸಿಕೊಳ್ಳಲಾರದು.

ಹೀಗಿರಲು, ಕೊಳ್ಳುವಾಗ ಹೊಳಪನ್ನಲ್ಲ, ಬೋಲ್ಟಿನ ತಲೆಯ ಮೇಲಿನ ಗುರುತನ್ನು ನೋಡಬೇಕು. ಎ2 ಎಂದಿದ್ದರೆ ಅದು 304ರ ಜಾತಿ; ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಮನೆಗೆ, ಒಳನಾಡಿಗೆ ಇದು ಸಾಕು. ಎ4 ಎಂದಿದ್ದರೆ 316ರ ಜಾತಿ; ಇದರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಂ ಸೇರಿರುವುದರಿಂದ ಕಡಲ ಉಪ್ಪನ್ನು ಹೆಚ್ಚು ತಾಳುತ್ತದೆ. ಆಯಸ್ಕಾಂತ ಹಿಡಿದು ಇವೆರಡರ ಭೇದ ತಿಳಿಯಲಾಗದು. ಗುರುತಿನ ಮುಂದೆ 70 ಎಂದಿದ್ದರೆ ಅದರ ಕರ್ಷಣ ಬಲ 700 ಮೆಗಾಪ್ಯಾಸ್ಕಲ್. 8.8 ಎಂಬ ಗುರುತಿನ ಉಕ್ಕಿನ ಬೋಲ್ಟಿನದು 800. ಆದುದರಿಂದ ಹೊಳೆಯುವುದೆಲ್ಲ ಹೆಚ್ಚು ಗಟ್ಟಿಯೆಂದು ಭಾವಿಸಬಾರದು.

ಇನ್ನು ನಟ್ಟು ಕಚ್ಚಿಕೊಂಡಿದ್ದೇಕೆ? ಬಿಗಿಯುವಾಗ ಥ್ರೆಡ್ಡುಗಳು ಉಜ್ಜಿ ಪೊರೆ ಹರಿಯುತ್ತದೆ. ಬರಿಯ ಲೋಹಕ್ಕೆ ಬರಿಯ ಲೋಹ ತಗುಲಿ ಬೆಸುಗೆಯಂತೆ ಅಂಟಿಕೊಳ್ಳುತ್ತದೆ. ಇದಕ್ಕೆ ಮದ್ದು ಮೂರು: ಥ್ರೆಡ್ಡಿನಲ್ಲಿ ಮರಳಿಲ್ಲದಂತೆ ಒರೆಸುವುದು, ಇದಕ್ಕೆಂದೇ ದೊರೆಯುವ ಗ್ರೀಸು ಹಚ್ಚುವುದು, ಕೈಯಿಂದ ನಿಧಾನವಾಗಿ ತಿರುಗಿಸುವುದು. ಬಿಗಿಯೆನಿಸಿದರೆ ಬಲ ಹಾಕದೆ ನಿಲ್ಲಿಸಬೇಕು.

ಮತ್ತೊಂದು ಮಾತು. ಉಪ್ಪುನೀರಿನಲ್ಲಿ ಈ ಉಕ್ಕಿಗೆ ತಗುಲಿದ ಅಲ್ಯೂಮಿನಿಯಂ ತಾನೇ ಕರಗಿ ಉಕ್ಕನ್ನು ಉಳಿಸುತ್ತದೆ. ಅವೆರಡರ ನಡುವೆ ನೈಲಾನ್ ವಾಷರ್ ಇಡುವುದು ಲೇಸು. ನಟ್ಟು, ಬೋಲ್ಟು, ಲೋಹದ ವಾಷರ್ ಒಂದೇ ಜಾತಿಯವಾಗಿರಲಿ. ಆಗಾಗ ಸಿಹಿನೀರಿನಿಂದ ತೊಳೆಯುತ್ತಿರಬೇಕು.

ಎರಡನೆಯ ಸಲ ಎ4 ಬೋಲ್ಟುಗಳನ್ನು ಕೊಂಡು ತಂದೆ. ತಂದೆಯವರೇ ಗ್ರೀಸು ಹಚ್ಚಿ, ಒಂದೊಂದೇ ಸುತ್ತು ತಿರುಗಿಸಿದರು. ಏನು ಮಾಡಬೇಕೆಂಬುದು ಅವರಿಗೆ ಮೊದಲೇ ತಿಳಿದಿತ್ತು. ಏಕೆಂಬುದನ್ನು ಮಾತ್ರ ನಾನು ಪುಸ್ತಕದಿಂದ ಕಲಿತೆ. ಅಂದು ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನು.