ಇಂಡೋನೇಷ್ಯಾದ ಸೈನ್ಯ ಯಾರಿಗೆ ಉತ್ತರದಾಯಿ?

ಮುಸ್ಲಿಮರು ಬಹುಸಂಖ್ಯಾತರಾಗಿರುವ ದೇಶಗಳಲ್ಲಿ ಪ್ರಜಾಪ್ರಭುತ್ವ ಬೇರೂರದಿದ್ದರೆ ಅದಕ್ಕೆ ಧರ್ಮವೇ ಕಾರಣವೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಶೇ. 87ರಷ್ಟು ಜನ ಇಸ್ಲಾಂ ಧರ್ಮೀಯರಾಗಿರುವ ಇಂಡೋನೇಷ್ಯಾದ ಇತ್ತೀಚಿನ ಚರಿತ್ರೆಯನ್ನು ಗಮನಿಸಿದರೆ, ಅಲ್ಲಿ ನಾಗರಿಕರ ಹಕ್ಕುಗಳಿಗೆ ಅಡ್ಡಿಯಾಗಿ ನಿಂತದ್ದು ಮಸೀದಿಗಿಂತ ಹೆಚ್ಚಾಗಿ ಸೇನಾ ಶಿಬಿರವೆಂಬುದು ಸ್ಪಷ್ಟವಾಗುತ್ತದೆ. ಸೇನೆಯ ಬಲದಿಂದ ಆಳಿದ ಅಧ್ಯಕ್ಷ ಸುಹಾರ್ತೊ ಆಡಳಿತವನ್ನು ಪ್ರಶ್ನಿಸಿದವರಲ್ಲಿ ನಹ್ದತುಲ್ ಉಲಮಾ ಮತ್ತು ಮುಹಮ್ಮದಿಯಾ ಎಂಬ ಬೃಹತ್ ಮುಸ್ಲಿಂ ಸಂಘಟನೆಗಳ ನಾಯಕರೂ ಇದ್ದರೆಂಬುದನ್ನು ಮರೆಯಲಾಗದು.

ಸುಹಾರ್ತೊ ಕಾಲದಲ್ಲಿ ಸೈನ್ಯಕ್ಕೆ ‘ದ್ವಿಫುಂಗ್ಸಿ’ ಎಂಬ ಇಮ್ಮಡಿ ಹೊಣೆಯಿತ್ತು. ಅಂದರೆ ದೇಶರಕ್ಷಣೆಯ ಜೊತೆಗೆ ರಾಜಕೀಯ ಮತ್ತು ಸಾಮಾಜಿಕ ವ್ಯವಹಾರಗಳಲ್ಲಿಯೂ ಪಾಲ್ಗೊಳ್ಳುವ ಅಧಿಕಾರ ಅದಕ್ಕಿತ್ತು. ಸಂಸತ್ತಿನಲ್ಲಿ ಸೈನ್ಯಕ್ಕೆ ಮೀಸಲಾದ ಸ್ಥಾನಗಳಿದ್ದವು, ಪೊಲೀಸ್ ಪಡೆಯೂ ಅದರ ಅಂಗವಾಗಿತ್ತು, ಪ್ರಾಂತ್ಯದಿಂದ ಹಳ್ಳಿಯವರೆಗೆ ಆಡಳಿತಕ್ಕೆ ಸಮಾನಾಂತರವಾಗಿ ಸೇನಾ ಘಟಕಗಳು ಹಬ್ಬಿದ್ದವು. 1998ರ ಮೇ 21ರಂದು ಸುಹಾರ್ತೊ ರಾಜೀನಾಮೆ ಕೊಟ್ಟ ಮೇಲೆ ಪೊಲೀಸರನ್ನು ಸೈನ್ಯದಿಂದ ಬೇರ್ಪಡಿಸಲಾಯಿತು, 2004ರ ಹೊತ್ತಿಗೆ ಸಂಸತ್ತಿನ ಮೀಸಲು ಸ್ಥಾನಗಳೂ ಇಲ್ಲವಾದವು. ಇಷ್ಟನ್ನು ಬಿಟ್ಟುಕೊಟ್ಟ ಸೈನ್ಯಗಳು ಕಡಿಮೆ. ಹಳ್ಳಿಗಳವರೆಗಿನ ಘಟಕಗಳು ಮಾತ್ರ ಕದಲಲಿಲ್ಲ.

2000ದ ಸಂವಿಧಾನ ತಿದ್ದುಪಡಿಯಿಂದ ಮಾನವ ಹಕ್ಕುಗಳಿಗೆಂದೇ ಒಂದು ಅಧ್ಯಾಯ ಸೇರಿತು. ಕೃತ್ಯ ನಡೆದ ನಂತರ ಬಂದ ಕಾನೂನಿನಡಿ ಯಾರನ್ನೂ ಶಿಕ್ಷಿಸಬಾರದೆಂಬ ತತ್ತ್ವವೂ ಅದರಲ್ಲಿತ್ತು. ನ್ಯಾಯದ ಮೂಲಸೂತ್ರಗಳಲ್ಲಿ ಒಂದಾದ ಈ ನಿಯಮವೇ ಹಳೆಯ ಅಧಿಕಾರಿಗಳಿಗೆ ರಕ್ಷಾಕವಚವಾಗಬಹುದೆಂದು ಹಕ್ಕುಗಳ ಹೋರಾಟಗಾರರು ಆಗಲೇ ಎಚ್ಚರಿಸಿದ್ದರು. ಅದೇ ವರ್ಷದ ಮಾನವ ಹಕ್ಕುಗಳ ನ್ಯಾಯಾಲಯ ಕಾಯ್ದೆಯು ಹಿಂದಿನ ಅಪರಾಧಗಳ ವಿಚಾರಣೆಗೆ ಅವಕಾಶವಿತ್ತರೂ, ಅಂಥ ವಿಶೇಷ ನ್ಯಾಯಾಲಯ ರಚನೆಯಾಗಬೇಕಾದರೆ ಸಂಸತ್ತಿನ ಶಿಫಾರಸು ಬೇಕೆಂದಿತು. ಈ ಕಾಯ್ದೆಯಡಿ, ಆಗ ಇಂಡೋನೇಷ್ಯಾದ ವಶದಲ್ಲಿದ್ದ ಪೂರ್ವ ಟಿಮೋರ್‌ನ 1999ರ ಹಿಂಸಾಚಾರಕ್ಕಾಗಿ 18 ಮಂದಿಯ ವಿಚಾರಣೆ ನಡೆದು ಆರು ಮಂದಿಗೆ ಶಿಕ್ಷೆಯಾಯಿತಾದರೂ, ಮೇಲ್ಮನವಿಗಳ ನಂತರ ಅವರೆಲ್ಲರೂ ಬಿಡುಗಡೆಯಾದರು.

ದೇಶದ ಜನ ಅಧ್ಯಕ್ಷರನ್ನು ಮೊದಲ ಬಾರಿಗೆ ನೇರವಾಗಿ ಆರಿಸಿದ್ದು 2004ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳ 7ರಂದು, ಸುಹಾರ್ತೊ ಕಾಲದಲ್ಲಿ ಕಣ್ಮರೆಯಾದ ಹೋರಾಟಗಾರರ ಕುಟುಂಬಗಳ ಪರವಾಗಿ ದುಡಿದ ವಕೀಲ ಮುನೀರ್ ಸೈದ್ ಥಾಲಿಬ್, ಉನ್ನತ ವ್ಯಾಸಂಗಕ್ಕಾಗಿ ಜಕಾರ್ತದಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟಿದ್ದ ಗರುಡ ಸಂಸ್ಥೆಯ ವಿಮಾನದಲ್ಲೇ ಸತ್ತರು. ನೆದರ್‌ಲೆಂಡ್ಸ್‌ನಲ್ಲಿ ನಡೆದ ಶವಪರೀಕ್ಷೆಯಲ್ಲಿ ಆರ್ಸೆನಿಕ್ ವಿಷ ಪತ್ತೆಯಾಯಿತು. ಕರ್ತವ್ಯದಲ್ಲಿರದೆ ಅದೇ ವಿಮಾನದಲ್ಲಿ ಸಿಂಗಪುರದವರೆಗೆ ಪ್ರಯಾಣಿಸಿ, ತನ್ನ ಬಿಸಿನೆಸ್ ದರ್ಜೆಯ ಸೀಟನ್ನು ಮುನೀರ್‌ಗೆ ಬಿಟ್ಟುಕೊಟ್ಟಿದ್ದ ಪೈಲಟ್‌ಗೆ ಶಿಕ್ಷೆಯಾಯಿತು. ಸಂಚಿನ ಆರೋಪ ಹೊತ್ತ ಗುಪ್ತಚರ ಸಂಸ್ಥೆಯ ಮಾಜಿ ಹಿರಿಯ ಅಧಿಕಾರಿ 2008ರಲ್ಲಿ ಖುಲಾಸೆಯಾದರು. ಅಧ್ಯಕ್ಷರನ್ನು ಆರಿಸಬಲ್ಲ ಪ್ರಜೆಗೆ ತನ್ನ ವಕೀಲನನ್ನು ಕೊಲ್ಲಿಸಿದವರು ಯಾರೆಂದು ತಿಳಿಯುವ ಹಕ್ಕು ಇಂದಿಗೂ ದಕ್ಕಿಲ್ಲ, ಇದು ಆ ಪ್ರಜಾಪ್ರಭುತ್ವದ ಅತ್ಯಂತ ನೋವಿನ ಕೊರತೆ.

2007ರ ಜನವರಿಯಿಂದ ಪ್ರತಿ ಗುರುವಾರ ಸಂಜೆ ಅಧ್ಯಕ್ಷರ ಅರಮನೆಯೆದುರು ಕಪ್ಪು ಕೊಡೆ ಹಿಡಿದು ಮೌನವಾಗಿ ನಿಲ್ಲುವವರ ಬೇಡಿಕೆಯೂ ಇಂಥದ್ದೇ. ಇದನ್ನು ‘ಕಮಿಸಾನ್’ ಎನ್ನುತ್ತಾರೆ. ಆರಂಭಿಸಿದವರಲ್ಲೊಬ್ಬರಾದ ಸುಮಾರ್ಸಿಹ್, 1998ರ ನವೆಂಬರ್‌ನಲ್ಲಿ ಜಕಾರ್ತದ ಸೆಮಂಗಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯೊಬ್ಬನ ತಾಯಿ. 2023ರ ಜನವರಿಯಲ್ಲಿ ಅಧ್ಯಕ್ಷ ಜೋಕೊ ವಿಡೋಡೊ ಹಿಂದಿನ 12 ಘಟನೆಗಳನ್ನು ಗಂಭೀರ ಹಕ್ಕು ಉಲ್ಲಂಘನೆಗಳೆಂದು ಒಪ್ಪಿ ವಿಷಾದಿಸಿದರು. ಸೆಮಂಗಿಯೂ ಆ ಪಟ್ಟಿಯಲ್ಲಿತ್ತು, ಆದರೆ ವಿಷಾದದ ಹಿಂದೆ ಮೊಕದ್ದಮೆ ಬರಲಿಲ್ಲ.

ಹೀಗೆ ಉತ್ತರ ಕೇಳುವವರಾರೂ ಭದ್ರತೆ ಬೇಡವೆಂದು ಹೇಳುತ್ತಿಲ್ಲ. ಆದರೆ ಅದನ್ನು ಸೈನ್ಯವೇ ನಿಭಾಯಿಸಬೇಕೆಂದೇನೂ ಇಲ್ಲ. 2002ರ ಅಕ್ಟೋಬರ್‌ನಲ್ಲಿ ಬಾಲಿಯಲ್ಲಿ ಬಾಂಬ್ ಸ್ಫೋಟಿಸಿ 202 ಜನ ಸತ್ತ ಮೇಲೆ ಭಯೋತ್ಪಾದಕರನ್ನು ಹಿಡಿಯುವ ಹೊಣೆ ಬಹುಮಟ್ಟಿಗೆ ಪೊಲೀಸರ ವಿಶೇಷ ಪಡೆಯ ಪಾಲಾಯಿತು, ಬಾಲಿಯ ಆರೋಪಿಗಳನ್ನು ನಾಗರಿಕ ನ್ಯಾಯಾಲಯದಲ್ಲೇ ವಿಚಾರಿಸಲಾಯಿತು. ಸೈನಿಕರ ಸಾಮಾನ್ಯ ಅಪರಾಧಗಳೂ ನಾಗರಿಕ ನ್ಯಾಯಾಲಯದಲ್ಲೇ ವಿಚಾರಣೆಯಾಗಬೇಕೆಂದು 2004ರ ಸೇನಾ ಕಾಯ್ದೆ ಹೇಳಿತಾದರೂ, 1997ರ ಸೇನಾ ನ್ಯಾಯಾಲಯ ಕಾಯ್ದೆಯನ್ನು ತಿದ್ದದೆ ಉಳಿಸಿದ್ದರಿಂದ ಆ ಮಾತು ಕಾಗದದಲ್ಲೇ ಉಳಿಯಿತು. 2025ರ ಮಾರ್ಚ್‌ನಲ್ಲಿ, ಸುಹಾರ್ತೊ ಕಾಲದ ಸೇನಾಧಿಕಾರಿ ಪ್ರಬೋವೊ ಸುಬಿಯಾಂತೊ ಅಧ್ಯಕ್ಷರಾಗಿದ್ದಾಗ, ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆ ಸಂಸತ್ತು ಸೇನಾ ಕಾಯ್ದೆಯನ್ನು ತಿದ್ದಿ, ಸೇವೆಯಲ್ಲಿರುವ ಅಧಿಕಾರಿಗಳು ಹುದ್ದೆ ಹೊಂದಬಹುದಾದ ಸರ್ಕಾರಿ ಸಂಸ್ಥೆಗಳ ಸಂಖ್ಯೆಯನ್ನು ಹತ್ತರಿಂದ 14ಕ್ಕೆ ಏರಿಸಿತು. ಮಾನವ ಹಕ್ಕುಗಳ ಪ್ರಕರಣಗಳಲ್ಲಿ ಮೊಕದ್ದಮೆ ಹೂಡಬೇಕಾದ ಅಟಾರ್ನಿ ಜನರಲ್ ಕಚೇರಿಯೂ ಆ ಪಟ್ಟಿಯಲ್ಲಿದೆ.