ಶ್ರಮದಾನವೂ ಸುಣ್ಣಬಣ್ಣವೂ

ಶಾಲೆಯನ್ನು ಬಿಟ್ಟು ಹೋದ ವಿದ್ಯಾರ್ಥಿಗಳು ತಮ್ಮನ್ನು ಬೆಳೆಸಿದ ಸಂಸ್ಥೆಗೆ ಏನನ್ನು ಕೊಡಬಲ್ಲರು? ಹಣವುಳ್ಳವರು ಹಣವನ್ನು ಕೊಡುವರು. ಹಣವಿಲ್ಲದವರಿಗೂ ಎರಡು ಕೈಗಳಿರುವುವಷ್ಟೆ. ಹಳೆಯ ವಿದ್ಯಾರ್ಥಿಗಳ ಸಂಘದವರು ರಜಾದಿನಗಳಲ್ಲಿ ಧರ್ಮಸಂಸ್ಥೆಯ ಕಟ್ಟಡಕ್ಕೆ ಬಣ್ಣ ಬಳಿದುಕೊಡುವುದು ಅಂಥ ಕೈಗಳ ದಾನ. ಈ ಕಾರ್ಯವು ಹೇಗೆ ಸಾರ್ಥಕವಾಗುವುದೆಂಬುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಇಲ್ಲಿ ತಿಳಿಸಬಯಸುತ್ತೇವೆ.

ಕೊಯಮತ್ತೂರಿನಿಂದ ಮೇಟುಪಾಳ್ಯಕ್ಕೆ ಹೋಗುವ ಹಾದಿಯಲ್ಲಿ ಪೆರಿಯನಾಯಕನಪಾಳ್ಯಂ ಎಂಬ ಊರಿದೆ. ಅಲ್ಲಿಯ ಶ್ರೀ ರಾಮಕೃಷ್ಣ ಮಿಷನ್ ವಿದ್ಯಾಲಯವನ್ನು 1930ರಲ್ಲಿ ಶ್ರೀ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು ಅತಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. 1934ರಲ್ಲಿ ಮಹಾತ್ಮಾ ಗಾಂಧಿಯವರು ಅದರ ಕಟ್ಟಡಕ್ಕೆ ಅಸ್ತಿವಾರದ ಕಲ್ಲನ್ನಿಟ್ಟರು. ಅಸ್ತಿವಾರದ ದಿನ ಊರೆಲ್ಲ ನೆರೆಯುವುದು ಎಲ್ಲೆಡೆಯೂ ಉಂಟು. ಆದರೆ ವರ್ಷ ವರ್ಷವೂ ಗೋಡೆಯ ಬಿರುಕನ್ನು ನೋಡುವವರು ವಿರಳ. ಕಟ್ಟಿದವರ ಪುಣ್ಯವನ್ನು ಉಳಿಸತಕ್ಕವರು ಅಲ್ಲಿ ಓದಿದವರೇ ಅಲ್ಲವೆ?

ನಮ್ಮ ಹಿರಿಯರು ಯುಗಾದಿ, ದೀಪಾವಳಿಗಳ ಮುಂಚೆ ಮನೆಗೆ ಸುಣ್ಣ ಬಳಿಯುತ್ತಿದ್ದುದು ಕೇವಲ ಅಂದಕ್ಕಾಗಿ ಅಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುವುದು. ಉಳಿದ ಸುಟ್ಟ ಸುಣ್ಣಕ್ಕೆ ನೀರೆರೆದರೆ ಕುದಿದು ಅರಳುವುದು. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ತೆಳುವಾದ ಕಲ್ಲಿನ ಪೊರೆಯಾಗುವುದು. ಅದರ ಕ್ಷಾರಗುಣದಿಂದ ಬೂಷ್ಟು ಹಿಡಿಯುವುದೂ ಕಡಿಮೆಯಾಗುವುದು. ಆದರೆ ಇದೇ ಕ್ಷಾರವು ಕಣ್ಣಿಗೆ ಬಹಳ ಅಪಾಯಕರ. ಸುಣ್ಣ ಸಿಡಿದರೆ ಕಣ್ಣನ್ನು ಉಜ್ಜದೆ ಧಾರಾಳವಾದ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗತಕ್ಕದ್ದು.

ಬಣ್ಣದ ಕೆಲಸದಲ್ಲಿ ಬಳಿಯುವುದಕ್ಕಿಂತ ಸಿದ್ಧತೆಯೇ ಹೆಚ್ಚು. ಮೊದಲು ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಬೇಕು. ಒದ್ದೆ ಗೋಡೆಯ ಮೇಲೆ ಬಣ್ಣ ನಿಲ್ಲದು. ಕೊಯಮತ್ತೂರಿನ ಕಡೆ ಐಪ್ಪಸಿ, ಕಾರ್ತಿಗೆ ತಿಂಗಳುಗಳ ಹಿಂಗಾರು ಮಳೆ ಕಳೆದು ಗೋಡೆ ಒಣಗಿದ ಮೇಲೆ ಕೈಹಚ್ಚುವುದು ಲೇಸು. ಎದ್ದಿರುವ ಹಳೆಯ ಸುಣ್ಣವನ್ನು ಕೆರೆದು, ಧೂಳನ್ನು ಒರೆಸಿ, ಬಿರುಕುಗಳನ್ನು ತುಂಬಬೇಕು. ಒಂದು ಕೈ ಬಣ್ಣ ಒಣಗಿದ ಮೇಲೆಯೇ ಎರಡನೆಯದನ್ನು ಬಳಿಯಬೇಕು.

ವಿದ್ಯಾರ್ಥಿಗಳು ಇಲ್ಲಿ ಲೆಕ್ಕವನ್ನೂ ಕಲಿಯಬಹುದು. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯ ನಾಲ್ಕು ಗೋಡೆಗಳು 700 ಚದರ ಅಡಿ. ಬಾಗಿಲು ಕಿಟಕಿಗಳಿಗೆ 100 ಕಳೆದರೆ 600. ಎರಡು ಕೈಗೆ 1200. ಡಬ್ಬಿಯ ಮೇಲೆ ಲೀಟರಿಗೆ 120 ಚದರ ಅಡಿ ಎಂದಿದ್ದರೆ 10 ಲೀಟರು ಸಾಕು. ಲೆಕ್ಕವಿಲ್ಲದೆ ಕೊಂಡರೆ ದಾನಿಗಳ ಹಣ ಪೋಲಾಗುವುದು.

ಇನ್ನೊಂದು ಎಚ್ಚರಿಕೆ. ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸವಿರಬಹುದು. ಅದರ ಪುಡಿ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ನಮ್ಮ ದೇಶದಲ್ಲಿ 2016ರ ನಿಯಮಗಳು ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿ, 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಚಿಕ್ಕ ಮಕ್ಕಳನ್ನು ಹತ್ತಿರಕ್ಕೆ ಬಿಡಲೂ ಬಾರದು.

ಕೊನೆಯದಾಗಿ, ಸೇವೆಯ ಹೆಸರಿನಲ್ಲಿ ಬಡವರ ಕೂಲಿಗೆ ಸಂಚಕಾರ ಬರಕೂಡದು. ಅನುಭವಿಯಾದ ಒಬ್ಬ ಮೇಸ್ತ್ರಿಯನ್ನು ಸರಿಯಾದ ಸಂಬಳ ಕೊಟ್ಟು ಕರೆದು, ಎತ್ತರದ ಏಣಿಯ ಕೆಲಸವನ್ನು ಅವನಿಗೆ ಒಪ್ಪಿಸಿ, ಉಳಿದವರು ಅವನ ಮಾತಿನಂತೆ ನಡೆಯುವುದು ಯೋಗ್ಯ. ಪದವೀಧರನು ಮೇಸ್ತ್ರಿಯ ಕೈಕೆಳಗೆ ಒಂದು ದಿನ ದುಡಿದರೆ, ಕುಂಚ ಹಿಡಿದ ಕೈಯ ಬೆಲೆಯನ್ನು ಅರಿಯುವನು. ಗೋಡೆಯ ಬಣ್ಣ ಕೆಲವು ವರ್ಷಗಳಲ್ಲಿ ಮಾಸುವುದು. ಈ ಅರಿವು ಮಾಸದು.