ಉಳಿತಾಯದ ಮೋಟರ್‌ಗೆ ಚಿಕ್ಕ ಎಂಸಿಬಿ ಸಾಕೇ?

ಪೀಣ್ಯದ ವರ್ಕ್‌ಶಾಪುಗಳಿಂದ ಗಂಗಾವತಿಯ ಅಕ್ಕಿ ಗಿರಣಿಗಳವರೆಗೆ, ಹಳೇ ಮೋಟರ್ ಇಳಿಸಿ ಐಇ3 ಮೋಟರ್ ಕೂರಿಸುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ: ದಕ್ಷತೆ ಜಾಸ್ತಿ, ಅಂದರೆ ಕರೆಂಟ್ ಕಡಿಮೆ, ಹಳೇ ಎಂಸಿಬಿಯೇ ಧಾರಾಳವಾಯಿತು, ಇನ್ನೂ ಚಿಕ್ಕದಾದರೂ ನಡೆದೀತು.

ಇದರಲ್ಲಿ ಅರ್ಧ ಮಾತ್ರ ನಿಜ. 7.5 ಕಿಲೋವ್ಯಾಟ್, ಅಂದರೆ 10 ಎಚ್‌ಪಿಯ ನಾಲ್ಕು ಪೋಲ್ ಮೋಟರ್ ತೆಗೆದುಕೊಳ್ಳಿ. ಐಇ1 ದರ್ಜೆಯಲ್ಲಿ ದಕ್ಷತೆ ಶೇ 86, ಐಇ3ರಲ್ಲಿ ಶೇ 90.4. ಫುಲ್ ಲೋಡ್ ಕರೆಂಟ್ ಸುಮಾರು 14.5 ಆಂಪಿಯರ್ ಇದ್ದದ್ದು 14ಕ್ಕೆ ಇಳಿದೀತು, ಅಷ್ಟೇ. ಸ್ಟಾರ್ಟ್ ಬಟನ್ ಒತ್ತಿದ ಗಳಿಗೆಯ ಲೆಕ್ಕವೇ ಬೇರೆ. ನಷ್ಟ ತಗ್ಗಿಸಲೆಂದು ವೈಂಡಿಂಗ್ ಮತ್ತು ರೋಟರಿನ ರೆಸಿಸ್ಟೆನ್ಸ್ ಇಳಿಸಿರುತ್ತಾರೆ. ಹಳೆಯದು ಫುಲ್ ಲೋಡಿನ ಆರು ಪಟ್ಟು ಎಳೆಯುತ್ತಿದ್ದಲ್ಲಿ ಹೊಸದು ಏಳೂವರೆ, ಎಂಟು ಪಟ್ಟು ಎಳೆಯುವುದುಂಟು. ಸಾಲದ್ದಕ್ಕೆ, ಮೊದಲ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕರೆಂಟ್ ಇನ್ನೂ ಮೇಲಕ್ಕೆ ಚಿಮ್ಮಿ ಇಳಿಯುತ್ತದೆ. ರೆಸಿಸ್ಟೆನ್ಸ್ ಕಡಿಮೆಯಾದಷ್ಟೂ ಅದು ಇಳಿಯುವುದು ನಿಧಾನ. ಮಾಮೂಲಿ ಕ್ಲ್ಯಾಂಪ್ ಮೀಟರ್ ಇದನ್ನು ತೋರಿಸುವುದೇ ಇಲ್ಲ.

ಈಗ 16 ಆಂಪಿಯರಿನ ಸಿ-ಕರ್ವ್ ಎಂಸಿಬಿ ನೋಡಿ. ಅದರ ಮ್ಯಾಗ್ನೆಟಿಕ್ ಭಾಗ 5ರಿಂದ 10 ಪಟ್ಟಿನೊಳಗೆ, ಅಂದರೆ 80ರಿಂದ 160 ಆಂಪಿಯರ್ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು. ಡಿಒಎಲ್ ಸ್ಟಾರ್ಟರಿನಲ್ಲಿ ನಮ್ಮ ಮೋಟರ್ ಏಳೂವರೆ ಪಟ್ಟು ಎಳೆದರೂ 105 ಆಂಪಿಯರ್. ಚಿಮ್ಮು ಅದರ ಮೇಲೆ. ಎಂಸಿಬಿ ಹಾರದಿದ್ದರೆ ಅದೃಷ್ಟ. ಡಿ-ಕರ್ವ್‌ನಲ್ಲಿ ಇದೇ ಮಿತಿ 160ರಿಂದ 320. ಅಲ್ಲೂ ಚಿಮ್ಮಿನ ತುದಿ ಕೆಳಗಿನ ಅಂಚನ್ನು ಮುಟ್ಟಬಹುದು. ಆದ್ದರಿಂದ ಐಇ3 ಮೋಟರಿಗೆಂದೇ ಪರೀಕ್ಷಿಸಿದ ಎಂಪಿಸಿಬಿ (ಮೋಟರ್ ರಕ್ಷಣೆಯ ಬ್ರೇಕರ್) ಹಾಕುವುದು ಕ್ಷೇಮ. ಕಾಂಟ್ಯಾಕ್ಟರ್ ಕೊಳ್ಳುವಾಗ ಎಸಿ-3ಇ ರೇಟಿಂಗ್ ಇದೆಯೇ ನೋಡಿ. ಈ ವರ್ಗ ಹುಟ್ಟಿದ್ದೇ ಇಂಥ ಮೋಟರುಗಳಿಗಾಗಿ.

"ಸ್ಟಾರ್-ಡೆಲ್ಟಾ ಇದೆ, ನಮಗೇನೂ ಆಗಲ್ಲ" ಎನ್ನುವವರಿದ್ದಾರೆ. ಸ್ಟಾರಿನಲ್ಲಿ ಲೈನ್ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುವುದು ನಿಜ. ಆದರೆ ಡೆಲ್ಟಾಕ್ಕೆ ಬದಲಾಗುವ ಕ್ಷಣದಲ್ಲಿ ಮತ್ತೆ ಚಿಮ್ಮುತ್ತದೆ. ಮೋಟರ್ ಪೂರಾ ವೇಗಕ್ಕೆ ಬರುವ ಮೊದಲೇ ಬದಲಾದರಂತೂ ಕೇಳಬೇಡಿ.

ಎಲ್ಲಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ಟ್ರಿಪ್ ಆಗುತ್ತಿದೆಯೇ, ಸ್ಟಾರ್ಟರಿನ ಓವರ್‌ಲೋಡ್ ರಿಲೇ ಡಯಲ್ ತಿರುಗಿಸಿ ಮೇಲಿಡು. ದಯವಿಟ್ಟು ಹಾಗೆ ಮಾಡಬೇಡಿ. ಯಾವುದು, ಯಾವಾಗ ಬಿತ್ತು ಎಂದು ಮೊದಲು ಗಮನಿಸಿ. ಬಟನ್ ಒತ್ತಿದ ಕೂಡಲೇ ಎಂಸಿಬಿ ಬಿದ್ದರೆ ಅದು ಮ್ಯಾಗ್ನೆಟಿಕ್ ಟ್ರಿಪ್. ಶಾರ್ಟ್ ಇಲ್ಲವೆಂದು ಮೆಗ್ಗರ್ ಹಾಕಿ ಖಾತ್ರಿ ಮಾಡಿಕೊಂಡ ಮೇಲೆ ಕರ್ವ್ ಬದಲಿಸುವ ಮಾತು. ರಿಲೇ ಡಯಲಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾಲ್ಕಾರು ಸೆಕೆಂಡು ಓಡಿ ರಿಲೇ ಬಿದ್ದರೆ ಲೋಡ್ ಎಳೆಯಲು ಮೋಟರ್ ಒದ್ದಾಡುತ್ತಿದೆ, ಇಲ್ಲವೇ ಒಂದು ಫೇಸ್ ಕೈಕೊಟ್ಟಿದೆ. ಡಯಲ್ ಮೇಲಿಟ್ಟರೆ ಟ್ರಿಪ್ ನಿಲ್ಲುತ್ತದೆ, ವೈಂಡಿಂಗ್ ಸುಡುತ್ತದೆ.

ಡಯಲ್ ಇರಬೇಕಾದ್ದು ಹೊಸ ನೇಮ್‌ಪ್ಲೇಟಿನ ಆಂಪಿಯರಿಗೆ. ಸ್ಟಾರ್-ಡೆಲ್ಟಾದಲ್ಲಿ ರಿಲೇ ಫೇಸ್ ದಾರಿಯಲ್ಲಿದ್ದರೆ ಅದರ 0.58 ಪಟ್ಟಿಗೆ. ಫ್ಯಾನ್, ಪಂಪುಗಳಲ್ಲಿ ಇನ್ನೊಂದು ಸಂಗತಿ: ದಕ್ಷ ಮೋಟರ್ ತುಸು ಜೋರಾಗಿ ತಿರುಗುತ್ತದೆ. 1440 ಸುತ್ತಿನದು 1460 ಆದರೆ ಫ್ಯಾನ್ ಕೇಳುವ ಶಕ್ತಿ ಸುಮಾರು ಶೇ 4 ಏರುತ್ತದೆ. ಮೋಟರ್ ಬದಲಿಸಿದ ದಿನವೇ ಪೂರ್ತಿ ಲೋಡಿನಲ್ಲಿ ಮೂರೂ ಫೇಸಿನ ಕರೆಂಟ್ ಅಳೆದು, ಸ್ಟಾರ್ಟರ್ ಬಾಗಿಲ ಒಳಬದಿಯಲ್ಲಿ ಬರೆದಿಡಿ.